ಸೆರಗು ಹೊದ್ದದ್ದು ಯಾರಿಗೆ

"ಚಪ್ಪಲಿ ಇಲ್ಲೇ ಬಿಡ್ಲೇನ್ರಿ ಅಕ್ಕಾರ?"

ಕೇಳಿದವಳು ಶ್ರೀದೇವಿ. ಕೇಳುವ ಮೊದಲೇ ಬಿಟ್ಟಾಗಿತ್ತು. ಬೆಂಗಳೂರಿನ ಆ ಆರ್ಟ್ ಗ್ಯಾಲರಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಕಾವಲುಗಾರ ಅವಳ ಬರಿಗಾಲು ನೋಡಿ ನಕ್ಕ.

"ಹಾಕ್ಕೊಂಡೇ ಹೋಗಮ್ಮ. ಇದೇನು ದೇವಸ್ಥಾನ ಅಲ್ಲ."

"ಇರ್ಲಿ ಬಿಡ್ರಿ, ನೆಲ ಇಷ್ಟು ಸ್ವಚ್ಛ ಐತಿ." ಅವಳು ಆಗಲೇ ಒಳಗೆ ಹೋಗಿದ್ದಳು.

"ನಿಮ್ಮ ಕಡೆಯವರೆಲ್ಲ ಹಿಂಗೇನಾ?" ಎಂದು ಅವನು ನನ್ನನ್ನು ಕೇಳಿದ. "ಅಲ್ನೋಡಿ, ಇನ್ಯಾರೋ ಹಿಂಗೇ ಬಿಟ್ಟು ಹೋಗವ್ರೆ."

ಗೋಡೆಯ ಬುಡದಲ್ಲಿ ಒಂದು ಜೊತೆ ಗಂಡಸರ ಚಪ್ಪಲಿ ಇತ್ತು. ದಪ್ಪ ತೊಗಲು, ಹಿಮ್ಮಡಿಗೆ ಸಾಲಾಗಿ ಹೊಡೆದ ಮೊಳೆ. ಕಣ್ಣು ಹಾಯಿಸಿದೆ, ಅಷ್ಟೇ. ನನ್ನ ಜೀವವೆಲ್ಲ ಒಳಗಿನ ಚಿತ್ರದ ಮೇಲಿತ್ತು.

ಸೋಮವಾರ ಹಾವೇರಿ ಕೋರ್ಟಿನಲ್ಲಿ ತೀರ್ಪು. ಬ್ಯಾಡಗಿಯ ಟೆಂಪೋ ಡ್ರೈವರ್ ಜಾಕೀರ್, ಮೆಣಸಿನಕಾಯಿ ವ್ಯಾಪಾರಿ ಸಿದ್ದಲಿಂಗಪ್ಪನವರನ್ನು ಕೊಂದು ತುಂಗಭದ್ರೆಗೆ ಎಸೆದ ಎಂಬುದು ಕೇಸು. ಅವರು ಕೊನೆಗೆ ಕಂಡದ್ದು ಅವನ ಟೆಂಪೋದಲ್ಲಿ, ಬಟ್ಟೆಯಲ್ಲಿ ಸುತ್ತಿದ ತಮ್ಮದೇ ದೊಡ್ಡ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು. ರಾಣೇಬೆನ್ನೂರು ಸ್ಟೇಷನ್ನಿನಲ್ಲಿ ಇಳಿಸಿದೆ, ಆಮೇಲಿನದು ನನಗೆ ಗೊತ್ತಿಲ್ಲ ಎಂದು ಜಾಕೀರ್ ಮೊದಲ ದಿನದಿಂದ ಹೇಳುತ್ತಿದ್ದಾನೆ. ಕೇಳಿದವರಿಲ್ಲ. ಹೊಳೆಯ ದಂಡೆಯ ಮೇಲೆ ಸಿದ್ದಲಿಂಗಪ್ಪನವರ ಚಪ್ಪಲಿ ಸಿಕ್ಕಿತು. ಆಮೇಲೆ ಮುಖ ಗುರುತು ಸಿಗದ ಹೆಣ ಸಿಕ್ಕಿತು. ಕೊರಳಿನಲ್ಲಿ ಅವರು ಲಿಂಗ ಇಟ್ಟುಕೊಳ್ಳುತ್ತಿದ್ದ ಬೆಳ್ಳಿಯ ಕರಡಿಗೆ ಇತ್ತು. ಮಗ ಸುನೀಲಕುಮಾರ ಅದನ್ನು ನೋಡಿ "ಅಪ್ಪಾರೇ" ಅಂದ. ಮಣ್ಣು ಮಾಡಿದರು. ಚಿತ್ರ ಮಾತ್ರ ಸಿಗಲಿಲ್ಲ.

ನಾನು ರೇಣುಕವ್ವ. ಹಾವೇರಿ ಪೊಲೀಸಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತಳಾದವಳು. ಬಾಯಿ ಜೋರು ಎಂದು ಠಾಣೆಯಲ್ಲಿ ಹೆಸರು ಪಡೆದವಳು, ಸುಳ್ಳಲ್ಲ. ಜಾಕೀರನ ತಾಯಿ ಮೆಹಬೂಬಿ ನನ್ನ ಅಂಗಳಕ್ಕೆ ಬಂದು ಕೂತ ದಿನ ಒಂದೇ ಮಾತು ಹೇಳಿದ್ದೆ. ಮನುಷ್ಯ ಹೊಳೆಯಲ್ಲಿ ಮುಳುಗಬಹುದು, ಚಿತ್ರ ಮುಳುಗುವುದಿಲ್ಲ. ಚಿತ್ರ ಎಲ್ಲಿದೆಯೋ ಅಲ್ಲಿ ಕೊಂದವನ ಹೆಜ್ಜೆ ಇದೆ.

ಚಿತ್ರಗಳು ಎಲ್ಲಿಗೆ ಹೋಗುತ್ತವೆ? ಚಿತ್ರ ಕೊಳ್ಳುವವರಿರುವ ಊರಿಗೆ. ಹೀಗಾಗಿ ಚಳಿಗಾಲದ ಉದ್ದಕ್ಕೂ ಬೆಂಗಳೂರಿನ ಒಂದು ಗ್ಯಾಲರಿಯನ್ನೂ ನಾನು ಬಿಟ್ಟಿಲ್ಲ. ಏನೇನು ನೋಡಿದೆನೋ ಆ ಮೈಲಾರಲಿಂಗನಿಗೇ ಗೊತ್ತು. ಒಂದು ಕಡೆ ಬಿಳಿ ಹಾಳೆಗೆ ಕಟ್ಟು ಹಾಕಿ ಗೋಡೆಗೆ ತೂಗಿದ್ದರು. ಇನ್ನೊಂದು ಕಡೆ ಕೋಣೆಯ ನಡುವೆ ಕಾಲು ಮುರಿದ ಕುರ್ಚಿ. ಸುಸ್ತಾಗಿ ಅದರ ಮೇಲೆ ಕೂರಲು ಹೋದಾಗ ಒಬ್ಬ ಹುಡುಗಿ ಓಡಿ ಬಂದು, "ಮೇಡಂ, ಇದು ಕಲಾಕೃತಿ" ಎಂದಳು. ನಮ್ಮ ಠಾಣೆಯಲ್ಲಿ ಇಂಥ ಕಲಾಕೃತಿಯ ಮೇಲೆ ಕೂತೇ ನಾನು ಸರ್ವೀಸು ಮುಗಿಸಿದ್ದು. ಹೇಳಿದರೆ ಏನು ಪ್ರಯೋಜನ, ನಿಂತುಕೊಂಡೆ.

ಕೊನೆಗೂ ಹೋದ ವಾರ ಇಲ್ಲಿ ಸಿಕ್ಕಿತು. "ಉತ್ತರದ ಹಳೆಯ ಮನೆಗಳ ಭಾವಚಿತ್ರಗಳು" ಎಂದು ಪ್ರದರ್ಶನದ ಹೆಸರು. ಗೋಡೆಗಳ ತುಂಬ ಎಣ್ಣೆಬಣ್ಣದ ದೇಸಾಯರು, ಇನಾಮದಾರರು. ಅವುಗಳಲ್ಲಿ ಒಂದೇ ಒಂದಕ್ಕೆ ಗಾಜು ಹಾಕಿತ್ತು.

ಎಣ್ಣೆಬಣ್ಣದ ಚಿತ್ರಕ್ಕೆ ಯಾರೂ ಗಾಜು ಹಾಕುವುದಿಲ್ಲ. ಬ್ಯಾಡಗಿಯವರು ಹಾಕುತ್ತಾರೆ. ಅಲ್ಲಿ ಮೆಣಸಿನಕಾಯಿಯ ಕೆಂಪು ಧೂಳು ದೇವರ ಜಗಲಿಯನ್ನೂ ಬಿಡುವುದಿಲ್ಲ, ಗಾಜಿಲ್ಲದೆ ತೂಗಿದ ಚಿತ್ರ ಎರಡು ಹಂಗಾಮಿಗೆ ಮಂಕಾಗುತ್ತದೆ. ಆ ಗಾಜು ಕಂಡಾಗಲೇ ಇದು ಬ್ಯಾಡಗಿಯದು ಅಂದುಕೊಂಡೆ.

ಆದರೆ ಚಿತ್ರ ಬದಲಾಗಿತ್ತು. ಮನೆಯವರು ಹೇಳಿದ ಪ್ರಕಾರ ಸಿದ್ದಲಿಂಗಪ್ಪನವರಿಗೆ ಬಿಳಿ ರುಮಾಲು, ಹಣೆ ತುಂಬ ವಿಭೂತಿ. ಇಲ್ಲಿ ಇದ್ದವನಿಗೆ ಕೆಂಪು ರುಮಾಲು, ಬರಿ ಹಣೆ. ಕೆಳಗಿನ ಚೀಟಿಯಲ್ಲಿ "ಅಪರಿಚಿತ ವ್ಯಾಪಾರಿ" ಎಂದಿತ್ತು. ಯಾರೋ ಮೇಲೆ ಬಣ್ಣ ಬಳಿಸಿದ್ದಾರೆ ಎಂಬುದು ನನ್ನ ಊಹೆ. ಊಹೆಯನ್ನು ಜಡ್ಜ್ ಸಾಹೇಬರ ಮುಂದೆ ಇಡಲಾಗದು. ಆ ಮನೆಯ ಒಬ್ಬರು ಬಂದು ಇದು ನಮ್ಮದು ಎನ್ನಬೇಕು.

ಸಿದ್ದಲಿಂಗಪ್ಪನವರ ಹೆಂಡತಿ ಫಕ್ಕೀರವ್ವನಿಗೆ ಕಣ್ಣಿಗೆ ಪೊರೆ ಬಂದಿದೆ. ಮಗನಿಗೆ ಪುರುಸೊತ್ತಿಲ್ಲ. "ಗುರುವಾರ ಪ್ಯಾಟಿ ದಿನಾ ರೀ ಅಕ್ಕಾರ. ನಮ್ಮಾಕಿನ್ನ ಕರಕೊಂಡು ಹೋಗ್ರಿ, ಆಕಿ ನೋಡಿ ಹೇಳ್ತಾಳ" ಎಂದು ಸುನೀಲಕುಮಾರ ಹೆಂಡತಿಯನ್ನು ಕಳಿಸಿಕೊಟ್ಟ. ಹೀಗೆ ಶ್ರೀದೇವಿ ನನ್ನ ಜೊತೆ ಬಂದಳು.

ಈ ಗ್ಯಾಲರಿಯ ಮೆಟ್ಟಿಲು ಹತ್ತುವಾಗಲೇ ಅವನ ಫೋನು ಬಂದಿತ್ತು.

"ನೋಡಿದ್ರೇನ್ರಿ ಚಿತ್ರಾ?"

"ಇನ್ನೂ ಇಲ್ಲಪಾ. ಎಲ್ಲಿ ಅದಿ?"

"ಪ್ಯಾಟ್ಯಾಗ ಅದೇನ್ರಿ. ಟೆಂಡರ್ ನಡದೈತಿ. ನೋಡಿದ ಕೂಡ್ಲೆ ಹೇಳ್ರಿ."

ಅವನ ದನಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಪಕ್ಕದಲ್ಲಿ ನಿಂತು ಮಾತಾಡಿದಂತಿತ್ತು. ಫೋನುಗಳು ಸುಧಾರಿಸಿವೆ ಅಂದುಕೊಂಡು ಜೇಬಿಗಿಟ್ಟೆ.

ಈಗ ಶ್ರೀದೇವಿಯ ಬಗ್ಗೆ ಒಂದು ಮಾತು. ಬ್ಯಾಡಗಿಯ ಅವರ ಮನೆಗೆ ನಾನು ಮೊದಲ ಸಲ ಹೋದಾಗ ಇವಳು ಚಹಾ ತಂದಳು. ಪಡಸಾಲೆಯಲ್ಲಿ ಚಿತ್ರ ತೂಗಿದ್ದ ಜಾಗದಲ್ಲಿ ಬರೀ ಮೊಳೆ ಉಳಿದಿತ್ತು. ಅದರ ಮುಂದೆ ದಾಟುವಾಗ ಇವಳು ಒಂದು ಕೈಯಲ್ಲಿ ತಾಟು ಹಿಡಿದು, ಇನ್ನೊಂದು ಕೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮೊಳೆ ದಾಟಿದ ಮೇಲೆ ಇಳಿಸಿದಳು. ಅತ್ತೆಯ ಕಟ್ಟಳೆ ಅದು. ಮಾವ ಪೇಟೆಗೆ ಹೋದರೂ ಮಾವನ ಚಿತ್ರ ಮನೆಯಲ್ಲಿದೆಯಲ್ಲ, ಸೊಸೆ ಬರಿದಲೆಯಲ್ಲಿ ಅದರ ಮುಂದೆ ಓಡಾಡಬಾರದು. ಫಕ್ಕೀರವ್ವನ ಕಣ್ಣು ಹೋದರೂ ಕಟ್ಟಳೆ ಹೋಗಿರಲಿಲ್ಲ. ಬರೀ ಮೊಳೆಗೇ ಇಷ್ಟು ಮರ್ಯಾದೆ ಕೊಡುವವಳು ಚಿತ್ರ ಕಂಡರೆ ಏನು ಮಾಡುತ್ತಾಳೆ?

ಇದೇ ನನ್ನ ಲೆಕ್ಕ. ಅವಳ ಬಾಯಿ ಏನಾದರೂ ಹೇಳಲಿ, ನಾನು ಅವಳ ಕೈ ನೋಡಬೇಕೆಂದೇ ಬಂದಿದ್ದೆ.

ಅದಕ್ಕೇ ಮುಂಜಾನೆ ಮೊದಲು ಅವಳನ್ನು ಕಬ್ಬನ್ ಪಾರ್ಕಿನ ಪಕ್ಕದ ಕೆಂಪು ಮ್ಯೂಸಿಯಮ್ಮಿಗೆ ಕರೆದೊಯ್ದಿದ್ದೆ. ಗ್ಯಾಲರಿ ತೆಗೆಯುವುದು ತಡ ಎಂಬುದು ಒಂದು ನೆಪ. ಅಲ್ಲಿ ವೀರಗಲ್ಲುಗಳ ಸಾಲಿನ ಮುಂದೆ ಅವಳು ನಿಂತುಬಿಟ್ಟಳು.

"ಅಕ್ಕಾರ, ಇಂಥಾದು ನಮ್ಮ ತವರುಮನಿ ಕರ್ಜಗಿ ಹೊಲದಾಗ ಐತಿ. ನಮ್ಮ ಎಮ್ಮಿ ದಿನಾ ಅದಕ್ಕ ಮೈ ತಿಕ್ಕತೈತಿ."

"ಸುಮ್ನಿರು, ಕೇಳಿಸ್ಕೊಂಡ್ರ ಅದನ್ನೂ ಹೊತ್ಕೊಂಡು ಬರ್ತಾರ."

ಅವಳು ನಕ್ಕಳು. ನಗುವುದು ಅವಳಿಗೆ ಚೆಂದ, ಆದರೆ ರೂಢಿ ಇಲ್ಲ. ಗಣಪತಿ ಕಂಡಾಗ ಕೈಮುಗಿದಳು. ಮಹಾರಾಜರ, ದಿವಾನರ ಚಿತ್ರಗಳ ಮುಂದೆ ಆರಾಮಾಗಿ ನಿಂತು ನೋಡಿದಳು. ಸೆರಗು ಹೆಗಲ ಮೇಲೇ ಇತ್ತು.

ಇಲ್ಲಿಯೂ ಹಾಗೇ. ದೇಸಾಯರ ಮುಂದೆ ದಾಟಿದಳು. ಕುದುರೆ ಹತ್ತಿದ ಇನಾಮದಾರರ ಮುಂದೆ ದಾಟಿದಳು. ಇಷ್ಟು ದೊಡ್ಡ ಮೀಸೆಯವರ ನಡುವೆ ಬರಿದಲೆಯಲ್ಲಿ, ಬರಿಗಾಲಿನಲ್ಲಿ, ಜಾತ್ರೆಯಲ್ಲಿ ಬಳೆ ನೋಡುವವಳಂತೆ ನಡೆದಳು. ಹಿಂದೆ ಒಂದು ಕಾಲೇಜಿನ ಹುಡುಗರ ಗುಂಪು ಗಲಗಲ ಎನ್ನುತ್ತಿತ್ತು. ಮೂಲೆ ತಿರುಗಿದರೆ ಗಾಜು ಹಾಕಿದ ಚಿತ್ರ.

ನಾನು ಚಿತ್ರದ ಒಂದು ಪಕ್ಕಕ್ಕೆ ಸರಿದು, ಉಳಿದ ಕೋಣೆಗೆ ಬೆನ್ನು ಮಾಡಿ ಅವಳ ಕಡೆ ತಿರುಗಿ ನಿಂತೆ.

ಅವಳು ಬಂದಳು. ತಲೆ ಎತ್ತಿದಳು. ಕೈ ತಾನಾಗಿಯೇ ಮೇಲೆ ಹೋಯಿತು. ಸೆರಗು ಹೆಗಲಿನಿಂದ ತಲೆಗೆ, ತಲೆಯಿಂದ ಹಣೆಯವರೆಗೆ ಬಂತು. ಅವಳು ತಲೆ ತಗ್ಗಿಸಿದಳು.

ಸಿಕ್ಕಿತು ಅಂದುಕೊಂಡೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವಳು ತಲೆ ಮುಟ್ಟಿಕೊಂಡಿದ್ದಳು.

"ಏನವಾ ಶ್ರೀದೇವಿ? ನಿಮ್ಮ ಮಾವಾರದ ಹೌದಲ್ಲ?"

ಅವಳು ಬಿಳಿಚಿಕೊಂಡಿದ್ದಳು.

"ಅಲ್ರಿ," ಅಂದಳು. "ಇದು ನಮ್ಮ ಮಾವಾರ ಚಿತ್ರ ಅಲ್ರಿ."

"ಸರಿಯಾಗಿ ನೋಡು."

"ನೋಡೀನ್ರಿ. ಅಲ್ಲ. ನಡ್ರಿ, ಊರಿಗೆ ಹೋಗೂಣು."

ಅಷ್ಟರಲ್ಲಿ ಗ್ಯಾಲರಿಯನ್ನು ನೋಡಿಕೊಳ್ಳುವ ಸ್ನೇಹಾ ಎಂಬ ಹುಡುಗಿ ಬಂದಳು. ಹೋದ ವಾರವೇ ನನ್ನ ಪರಿಚಯವಾಗಿತ್ತು. ಒಳ್ಳೆಯ ಹುಡುಗಿ, ಆದರೆ ಬಾಯಿಗೆ ಬೀಗ.

"ಗುರುತು ಸಿಕ್ತಾ ಮೇಡಂ?"

"ಸಿಗ್ತೈತಿ. ಇದನ್ನ ತಂದು ಕೊಟ್ಟವರ ಹೆಸರು ಇವತ್ತರ ಹೇಳ್ತಿ?"

"ಕೋರ್ಟ್ ಆರ್ಡರ್ ತನ್ನಿ, ಖಂಡಿತ ಹೇಳ್ತೀನಿ. ಚಿತ್ರದ ಹಿಂದಿನ ಹಲಗೆ ಬಿಚ್ಚಿ ತೋರಿಸೋದೂ ಹಾಗೇನೇ. ನಮ್ಮನ್ನ ನಂಬಿ ಕೊಟ್ಟಿರ್ತಾರೆ ಅಲ್ವಾ?"

ಅವಳ ಮಾತು ತಪ್ಪಲ್ಲ. ಆದರೆ ಕೋರ್ಟ್ ಆರ್ಡರ್ ಬೇಕಾದರೆ ಮನೆಯವರ ಹೇಳಿಕೆ ಬೇಕು. ಮನೆಯವಳು ಅಲ್ಲ ಎನ್ನುತ್ತಿದ್ದಾಳೆ.

ಶ್ರೀದೇವಿಯ ರಟ್ಟೆ ಹಿಡಿದು ಕಿಟಕಿಯ ಕೆಳಗಿನ ಬೆಂಚಿಗೆ ಕರೆತಂದೆ. ಕೂರಿಸಿದೆ. ನಾನು ನಿಂತೇ ಇದ್ದೆ. ಪೊಲೀಸಿನಲ್ಲಿ ಕಲಿತ ಬುದ್ಧಿ ಅದು, ಪ್ರಶ್ನೆ ಕೇಳುವವರು ಕೂರಬಾರದು.

"ಮುಂಜಾನಿಂದ ಎಷ್ಟು ಗಂಡಸರ ಚಿತ್ರ ನೋಡಿದಿ?"

"ಭಾಳ ನೋಡಿದ್ವಲ್ರಿ."

"ಯಾವ ಮಹಾರಾಜನ ಮುಂದನೂ ನಿನ್ನ ಸೆರಗು ತೆಲಿಗೆ ಏರಲಿಲ್ಲ. ಯಾವ ದೇಸಾಯಿಗೂ ಏರಲಿಲ್ಲ. ಇದರ ಮುಂದ ಯಾಕ ಏರಿತು?"

ಅವಳು ಬೆರಳಿಗೆ ಸೆರಗಿನ ಅಂಚು ಸುತ್ತತೊಡಗಿದಳು.

"ಗಾಳಿಗಿ ಜಾರತಿತ್ರಿ."

"ಜಾರಿದ ಸೆರಗು ಹೆಗಲಿಗೆ ಬರತೈತಿ. ಹಣಿಮಟ ಬರೂದಿಲ್ಲ. ನನಗ ಪಾಠ ಹೇಳಬ್ಯಾಡ."

ನನಗೆ ಸಿಟ್ಟು ನೆತ್ತಿಗೇರಿತು. ಮುಚ್ಚಿಡುವುದೇಕೆ, ಹೊಡೆಯಬೇಕು ಅನಿಸುವಷ್ಟು ಸಿಟ್ಟು. ಆ ಚಿತ್ರಕ್ಕೆ ಒಂದು ಹೌದು ಅಂದರೆ ಒಬ್ಬನ ಜೀವ ಉಳಿಯುತ್ತದೆ. ಇವಳು ಸೆರಗು ಸುತ್ತುತ್ತಾ ಕೂತಿದ್ದಾಳೆ.

"ನಿನ್ನ ಮಗಳಿಗೆ ನ್ಯುಮೋನಿಯಾ ಆದಾಗ ರಾಣೇಬೆನ್ನೂರು ದವಾಖಾನಿಗೆ ಯಾರ ಗಾಡ್ಯಾಗ ಹೋಗಿದ್ದಿ?"

ಅವಳ ಬೆರಳು ನಿಂತಿತು.

"ಜಾಕೀರಣ್ಣನ ಗಾಡ್ಯಾಗ."

"ಮಳಿಯೊಳಗ. ನಿನ್ನ ಗಂಡ ಊರಾಗಿರಲಿಲ್ಲ. ಮೆಹಬೂಬಿ ನಿನ್ನ ಕೂಸಿನ್ನ ತೊಡಿಮ್ಯಾಲ ಹಾಕ್ಕೊಂಡು ಕುಂತಿದ್ಲು. ಆಕಿನ ಹೇಳ್ಯಾಳ ನನಗ. ಈಗ ಆಕಿ ಮಗ ಜೇಲಿನ್ಯಾಗ ಅದಾನ. ಸೋಮವಾರ ಅವಗ ಜೀವಾವಧಿ ಆತು ಅಂತ ಹೇಳಿದ್ರ, ಆ ಮುದುಕಿಗೆ ನೀ ಹೋಗಿ ಏನಂತಿ? ಸೆರಗು ಗಾಳಿಗಿ ಜಾರಿತ್ತು ಅಂತಿ?"

ಶ್ರೀದೇವಿ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಿತ್ತು. ಅವಳು ಕೋಣೆಯ ಆ ಕಡೆ, ಈ ಕಡೆ ಕಣ್ಣಾಡಿಸಿದಳು. ಹುಡುಗರ ಗುಂಪು ಹೊರಟುಹೋಗಿತ್ತು. ಅವಳ ದನಿ ಒಲೆಯ ಮುಂದೆ ಪಿಸುಗುಡುವಷ್ಟು ಸಣ್ಣದಾಯಿತು.

"ಅಕ್ಕಾರ, ಆ ಚಿತ್ರ ನಮ್ಮದೋ ಅಲ್ಲೋ ನನಗ ಖರೇನ ಗೊತ್ತಿಲ್ರಿ. ನಾ ಅದನ್ನ ನೋಡ್ಲೇ ಇಲ್ಲ."

"ಮತ್ತ?"

"ಸೆರಗು ಹೊದ್ದದ್ದು ಚಿತ್ರಕ್ಕಲ್ರಿ. ಗಾಜಿನ್ಯಾಗ ಕಂಡ್ರಲ್ರಿ, ಅವರಿಗಿ."

"ಯಾರು ಕಂಡ್ರು?"

"ಮಾವಾರು. ನಿಮ್ಮ ಬೆನ್ನಿಂದ ನಿಂತಿದ್ರು."

ಕಿಟಕಿಯ ಹೊರಗೆ ಆಟೋಗಳು ಕೂಗುತ್ತಿದ್ದವು. ನಾನು ಹಿಂದಕ್ಕೆ ತಿರುಗಿ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದೆ. ಕೋಣೆ ಖಾಲಿ ಇತ್ತು.

"ನಿಂಗ ತೆಲಿ ಕೆಟ್ಟೈತೇನು? ಆ ಮನಿಶ್ಯಾನ ಮಣ್ಣು ಮಾಡಿದವರು ನೀವ."

"ಮಾಡೀವ್ರಿ."

"ಗಾಜಿನ ಹಿಂದ ಇದ್ದ ಬಣ್ಣದ ಮಾರಿನ್ನ ನೋಡಿ ಹಂಗ ಅನಿಸಿರ್ತೈತಿ."

"ಬಣ್ಣದ ಮಾರಿ ಕೈ ಎತ್ತತೈತೇನ್ರಿ?" ಅವಳು ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು. "ತುಟಿ ಮ್ಯಾಲ ಬಟ್ಟ ಇಟ್ಕೊಂಡ್ರು. ಸುಮ್ನಿರು ಅಂದಂಗ. ನೀವು ಕೇಳಿದ್ರಿ, ನನಗ ಏನೂ ಹೊಳೀಲಿಲ್ಲ. ಅಲ್ಲ ಅಂದ್ಬಿಟ್ಟೆ. ಅವರು ಹೇಳಿದ್ದನ್ನ ನಾ ಒಂದು ದಿನಾನೂ ಮೀರೀಲ್ರಿ."

ನಾನು ಬೆಂಚಿನ ಮೇಲೆ ಕೂತೆ. ಪೊಲೀಸಿನ ಬುದ್ಧಿ ಎಲ್ಲಿಗೋ ಹೋಯಿತು.

"ಹೆಂಗಿದ್ರು? ಏನು ತೊಟ್ಟಿದ್ರು?"

"ಬಿಳೀ ಅಂಗಿ. ರುಮಾಲಿಲ್ಲ. ಮೀಸಿ ಬೋಳಿಸ್ಯಾರ."

"ರುಮಾಲಿಲ್ಲ, ಮೀಸಿಲ್ಲ. ಅಂದ್ರ ಅವರ ಅಂತ ಹೆಂಗ ಹೇಳ್ತಿ?"

"ಮಾರಿ ಕಂಡಾಗ ನನಗೂ ಅನುಮಾನ ಇತ್ರಿ. ಕೈ ಸುಮ್ನ ಸೆರಗಿಗೆ ಹೋತು. ಆಮ್ಯಾಲ ತೆಲಿ ತಗ್ಗಿಸಿ, ಸೆರಗಿನ ಕೆಳಗಿಂದ ಹಿಂದಕ್ಕ ಹೊಳ್ಳಿ ಕಾಲು ನೋಡಿದೆ." ಅವಳು ತಡೆದಳು. "ಮದಿವಿ ಆದಾಗಿಂದ ಮಾವಾರ ಮಾರಿ ನಾ ಎಷ್ಟು ನೋಡೀನ್ರಿ? ನೋಡಿದ್ದೆಲ್ಲಾ ಕಾಲನ್ನ. ನೀರು ಕೊಡುವಾಗ, ತಾಟು ಇಡುವಾಗ, ನಮಸ್ಕಾರ ಮಾಡುವಾಗ. ಎಡಗಾಲಿನ ಕಿರಿಬಟ್ಟ ಜಜ್ಜಿ ಅಡ್ಡ ಆಗೇತ್ರಿ ಅವರದು, ತೂಕದ ಕಲ್ಲು ಬಿದ್ದು. ಆ ಬಟ್ಟ ನೋಡಿದೆ. ಅವರ ಹೌದ್ರಿ."

ನನಗೆ ಒಂದು ಮಾತು ಬಾಯಿಗೆ ಬಂತು, ಕೇಳದೆ ಇರಲಾಗಲಿಲ್ಲ.

"ಹೊಳ್ಯಾಗ ಸಿಕ್ಕ ಹೆಣದ ಕಾಲು ನೋಡಿದ್ದೇನು ನೀ?"

"ಸೊಸಿನ್ನ ಯಾರು ಕರೀತಾರ್ರಿ ಹೆಣದ ಗುರ್ತಿಗೆ? ನಮ್ಮ ಮನಿಯವ್ರು ಒಬ್ಬರ ಹೋಗಿ ನೋಡಿ ಬಂದ್ರು. ಕರಡಿಗಿ ತಂದು ಅತ್ತಿಯವ್ರ ಕೈಯಾಗ ಕೊಟ್ರು. ಮನಿಗೆ ತಂದಾಗ ಎಲ್ಲಾ ಸುತ್ತಿತ್ರಿ."

ನಮ್ಮ ಠಾಣೆಯ ಗಂಡಸರೆಲ್ಲ ಮುಖ ಹುಡುಕಿದರು, ಕೊರಳು ಹುಡುಕಿದರು. ಆ ಮನುಷ್ಯನ ಕಾಲನ್ನು ಬಲ್ಲವಳು ಅಡುಗೆಮನೆಯಲ್ಲಿ ನಿಂತಿದ್ದಳು. ಯಾರೂ ಕೇಳಲಿಲ್ಲ, ನಾನೂ ಸೇರಿ.

"ಒಂದ್ನಿಮಿಷ," ಅಂದೆ. "ಕಾಲಿನ ಬಟ್ಟ ಕಾಣಬೇಕಂದ್ರ ಚಪ್ಪಲಿ ಇರಲಿಲ್ಲೇನು ಕಾಲಾಗ?"

"ಇಲ್ರಿ. ಬರಿಗಾಲಿನ್ಯಾಗ ಇದ್ರು. ನನ್ನಂಗ."

ನಾನು ಎದ್ದು ಓಡಿದೆ. ಈ ವಯಸ್ಸಿನಲ್ಲಿ, ಆ ನುಣುಪು ನೆಲದ ಮೇಲೆ, ಆಗಷ್ಟೇ ಒಳಗೆ ಬರುತ್ತಿದ್ದ ಇಬ್ಬರನ್ನು ಸರಿಸಿ ಓಡಿದೆ.

ಚಪ್ಪಲಿ ಇನ್ನೂ ಅಲ್ಲೇ ಇತ್ತು. ದಪ್ಪ ತೊಗಲು, ಹಿಮ್ಮಡಿಯ ಮೊಳೆ. ನನ್ನ ಹಿಂದೆಯೇ ಬಂದ ಶ್ರೀದೇವಿ ಅದರ ಮುಂದೆ ಕುಕ್ಕರಿಸಿ ಕೂತಳು, ಮುಟ್ಟಲಿಲ್ಲ. ಎಡಗಾಲಿನದರ ಅಂಚಿನಲ್ಲಿ, ಕಿರುಬೆರಳು ಅಡ್ಡ ಚಾಚಿ ಒತ್ತಿದ ಕಡೆ, ತೊಗಲು ಉಬ್ಬಿತ್ತು.

"ಇದನ್ನ ಬಿಟ್ಟವರು ಹೊರಗ ಹೋದ್ರೇನು?" ಎಂದು ಕಾವಲುಗಾರನನ್ನು ಕೇಳಿದೆ.

"ಈ ಬಾಗಿಲಲ್ಲಿ ಹೋಗಿಲ್ಲಮ್ಮ. ನಾ ಇಲ್ಲೇ ಇದೀನಲ್ಲ."

"ಬ್ಯಾರೆ ಬಾಗಲಾ?"

"ಹಿಂದ್ಗಡೆ ಕ್ಯಾಂಟೀನ್ ಕಡೆಯಿಂದ ಒಂದು ಮೆಟ್ಟಿಲೈತೆ. ಸೀದಾ ರೋಡಿಗೆ ಇಳೀತದೆ."

ಅಂದರೆ ಸೊಸೆ ಕಂಡಳು ಎಂದು ಗೊತ್ತಾದ ಕೂಡಲೇ ಮನುಷ್ಯ ಬರಿಗಾಲಿನಲ್ಲಿ ಹಿಂದಿನಿಂದ ಇಳಿದಿದ್ದಾನೆ. ಈ ಊರಿನ ಜನಜಂಗುಳಿಯಲ್ಲಿ ಅಟ್ಟಿಸಿಕೊಂಡು ಹೋದರೆ ಸಿಗುವುದು ನನ್ನ ಏದುಸಿರು ಮಾತ್ರ.

ತಲೆ ಓಡಿಸು ರೇಣುಕಾ, ಎಂದುಕೊಂಡೆ. ಒಂದು ಜೊತೆ ಚಪ್ಪಲಿಯನ್ನು ಹೊಳೆದಂಡೆಯಲ್ಲಿ ಬಿಟ್ಟು ಈ ಮನುಷ್ಯ ಸತ್ತ. ಊರಿಗೆ ಊರೇ ನಂಬಿತು. ಎರಡನೆಯ ಜೊತೆಯನ್ನು ಇಲ್ಲಿ ಬಿಟ್ಟರೆ ಅವನು ಬದುಕಿಬಿಡುತ್ತಾನೆ. ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಈ ಚಪ್ಪಲಿಗೆ ಅವನು ಬರಲೇಬೇಕು, ಇಲ್ಲವೆ ಕಳಿಸಲೇಬೇಕು.

"ಬಾ ಇಲ್ಲಿ," ಎಂದು ಶ್ರೀದೇವಿಯನ್ನು ಎಳೆದುಕೊಂಡು, ಬಾಗಿಲ ಪಕ್ಕ ನಿಲ್ಲಿಸಿದ್ದ ಪ್ರದರ್ಶನದ ದೊಡ್ಡ ಫಲಕದ ಹಿಂದೆ ನಿಂತೆ. ಕಾವಲುಗಾರನಿಗೆ ನನ್ನ ಹಳೆಯ ಪೊಲೀಸ್ ಗುರುತಿನ ಚೀಟಿ ತೋರಿಸಿ, ಬಾಯಿ ಮುಚ್ಚಿಕೊಂಡು ಕೂರು, ಯಾರು ಬಂದರೂ ನಾವು ಒಳಗಿದ್ದೇವೆ ಅನ್ನು ಎಂದೆ. ಅವನಿಗೆ ಖುಷಿಯೇ ಆಯಿತು. ಮುಂಜಾನೆಯಿಂದ ಅವನ ಕೆಲಸ ಬೇಸರದ್ದು.

ಶ್ರೀದೇವಿಯ ಚಪ್ಪಲಿಯನ್ನೂ ಅಲ್ಲೇ ಬಿಟ್ಟೆವು. ಅದು ಇದ್ದರೆ ನಾವು ಒಳಗಿದ್ದಂತೆ.

"ಅಕ್ಕಾರ," ಅವಳು ಪಿಸುಗುಟ್ಟಿದಳು. "ಹಂಗಾದ್ರ ನಾವು ಮಣ್ಣು ಮಾಡಿದ್ದು ಯಾರನ್ನ್ರಿ?"

"ಅದು ಆಮ್ಯಾಲ. ಮದ್ಲ ಜಾಕೀರ್ ಹೊರಗ ಬರಬೇಕು."

"ಬಂದವರು ಮಾವಾರ ಆದ್ರ, ಕ್ವಾರ್ಟಿನ್ಯಾಗ ನಾ ಹೇಳಬೇಕಾಗತೈತೇನ್ರಿ?"

"ನೀನ ಹೇಳಬೇಕು. ಆ ಕಾಲು ಬಲ್ಲವರು ಬ್ಯಾರೆ ಯಾರದಾರ?"

ಅವಳ ಸೆರಗು ಇನ್ನೂ ಹಣೆಯ ಮೇಲೇ ಇತ್ತು.

ಜನ ಬಂದರು, ಹೋದರು. ಕೈಯಲ್ಲಿ ಕೈ ಹಿಡಿದ ಒಂದು ಜೋಡಿ. ಸ್ಕೆಚ್ ಪುಸ್ತಕ ಹಿಡಿದ ಒಬ್ಬ ಗಡ್ಡದವನು. ಚಪ್ಪಲಿಯ ಕಡೆ ಯಾರೂ ತಿರುಗಿ ನೋಡಲಿಲ್ಲ.

ಆಮೇಲೆ ಕೆಳಗಿನಿಂದ ಮೆಟ್ಟಿಲ ಮೇಲೆ ಬೂಟಿನ ಸದ್ದು ಬಂತು. ಬರುವವನು ಎರಡು ಹೆಜ್ಜೆ ಹತ್ತಿ ನಿಲ್ಲುತ್ತಿದ್ದ, ಮತ್ತೆ ಹತ್ತುತ್ತಿದ್ದ. ಫಲಕದ ಸಂದಿಯಲ್ಲಿ ಕಣ್ಣಿಟ್ಟೆ. ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಮಡಚಿದ ಬಟ್ಟೆಯ ಚೀಲ.

"ಇಬ್ರು ಹೆಣ್ಮಕ್ಕಳು ಬಂದಿದ್ರಲ್ಲ, ಹೋದ್ರಾ?" ಎಂದು ಕಾವಲುಗಾರನನ್ನು ಕೇಳಿದ. ಬೆಂಗಳೂರಿನವರಂತೆ ಆಡಲು ಹೋದ ದನಿ.

"ಒಳಗವ್ರೆ ಸಾರ್."

ಅವನು ಬಾಗಿದ. ಮೊಳೆ ಹೊಡೆದ ಆ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಎತ್ತಿದ. ಎತ್ತಿದವನು ಚೀಲಕ್ಕೆ ಹಾಕುವ ಮೊದಲು, ಯಾರಿಗೂ ತೋರಿಸಬೇಕೆಂದಲ್ಲ, ರೂಢಿಯಿಂದ, ಕನ್ನಡಕ ಸರಿಸಿ ಎರಡೂ ಕಣ್ಣಿಗೆ ಒತ್ತಿಕೊಂಡ.

ತಂದೆಯ ಪಾದರಕ್ಷೆಯನ್ನು ಮಗ ಮಾತ್ರ ಹಾಗೆ ಎತ್ತುತ್ತಾನೆ. ಹೊಳೆಯ ಹೆಣ ನೋಡಿ ಅಪ್ಪಾರೇ ಅಂದವನೂ ಇವನೇ.

ಪಕ್ಕದಲ್ಲಿದ್ದ ಶ್ರೀದೇವಿ ನನ್ನ ರಟ್ಟೆ ಹಿಡಿದುಕೊಂಡಳು. ಆಗ ನನಗೆ ಮೆಟ್ಟಿಲು ಹತ್ತುವಾಗ ಬಂದ ಫೋನು ನೆನಪಾಯಿತು. ಫೆಬ್ರವರಿ ತಿಂಗಳು, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಹಂಗಾಮು. ಆ ಪೇಟೆಯೊಳಗಿಂದ ಬಂದ ಯಾವ ಫೋನಿನಲ್ಲಿಯೂ ಯಾರಾದರೊಬ್ಬರು ಕೆಮ್ಮದೆ, ಸೀನದೆ ಇರುವುದಿಲ್ಲ. ಆ ಫೋನಿನಲ್ಲಿ ಒಂದು ಸೀನೂ ಕೇಳಿಸಿರಲಿಲ್ಲ. ಸುಧಾರಿಸಿದ್ದು ಫೋನಲ್ಲ, ಅವನು ಹತ್ತಿರದಲ್ಲೇ ಇದ್ದ.

ಜೇಬಿನಿಂದ ಫೋನು ತೆಗೆದು ಅದೇ ನಂಬರು ಒತ್ತಿದೆ.

ಫಲಕದ ಆ ಕಡೆ, ಮೂರು ಮಾರು ದೂರದಲ್ಲಿ, ಗಂಟೆ ಬಾರಿಸಿತು. ಅವನು ಚಪ್ಪಲಿಯ ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅವಸರದಲ್ಲಿ ಫೋನನ್ನು ಕಿವಿಗೆ ಹಚ್ಚಿದ.

"ಹೇಳ್ರಿ ಅಕ್ಕಾರ," ಅಂದ ಸುನೀಲಕುಮಾರ. ಆ ಮಾತು ನನ್ನ ಕಿವಿಯಲ್ಲಿ ಒಮ್ಮೆ, ಎದುರಿನಿಂದ ಒಮ್ಮೆ ಕೇಳಿತು. "ಇನ್ನೂ ಪ್ಯಾಟ್ಯಾಗ ಅದೇನ್ರಿ. ಟೆಂಡರ್ ಮುಗದಿಲ್ಲ. ನಮ್ಮಾಕಿ ಏನಂದ್ಲು ಚಿತ್ರಾ ನೋಡಿ?"

ನಾನು ಶ್ರೀದೇವಿಯ ಕಡೆ ನೋಡಿದೆ. ಅವಳು ಹಣೆಯ ಮೇಲಿನ ಸೆರಗನ್ನು ಹಿಂದಕ್ಕೆ ತಳ್ಳಿದಳು. ತಲೆಯಿಂದ ಇಳಿಸಿದಳು. ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ನಾನು ತಡೆಯುವ ಮೊದಲೇ ಫಲಕದ ಹೊರಗೆ ಬರಿಗಾಲಿಟ್ಟಳು.

"ಯಾವ ಪ್ಯಾಟ್ಯಾಗ ಅದೀರಿ?" ಎಂದು ಗಂಡನನ್ನು ಕೇಳಿದಳು.